ಅಡಿಕೆ ಸೀಮೆಯಲ್ಲಿ ಸೂಜಿ ಚಿಕಿತ್ಸೆ: ನನ್ನ ಅನುಭವ

ತೀರ್ಥಹಳ್ಳಿಯ ನನ್ನ ಚಿಕಿತ್ಸಾಲಯಕ್ಕೆ ಮೊದಲ ಸಲ ಬರುವವರಿಗೆ ಫೋನಿನಲ್ಲೇ ಎರಡು ಮಾತು ಹೇಳುತ್ತೇನೆ. ಬೆಳಿಗ್ಗೆ ತಿಂಡಿ ತಿಂದು ಬನ್ನಿ, ಎಲೆ ಅಡಿಕೆ ಹಾಕಿಕೊಳ್ಳದೆ ಬನ್ನಿ. ಎರಡನ್ನೂ ನಾನು ಕಾಲೇಜಿನಲ್ಲಿ ಓದಿದ್ದೆ. ಅವುಗಳ ತೂಕ ತಿಳಿದದ್ದು ಮಾತ್ರ ಇಲ್ಲಿಗೆ ಬಂದು ಸೂಜಿ ಹಿಡಿದ ಮೇಲೆ.

ನಾನು ಉಜಿರೆಯಲ್ಲಿ ಐದೂವರೆ ವರ್ಷದ ಬಿ.ಎನ್.ವೈ.ಎಸ್. ಪದವಿ ಪಡೆದವನು. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಜೊತೆಗೆ ಅಕ್ಯುಪಂಕ್ಚರ್ ಎಂಬ ಈ ಸೂಜಿ ಚಿಕಿತ್ಸೆ ಕೂಡ ಅಲ್ಲಿನ ಪಠ್ಯದ ಭಾಗ. ಅದು ಚೀನಾದ ವಿದ್ಯೆಯಾದರೂ ನಮ್ಮ ದೇಶಕ್ಕೆ ಬಂದ ದಾರಿ ನನಗೆ ಆಪ್ತವಾದದ್ದು. 1938ರಲ್ಲಿ ಡಾ. ದ್ವಾರಕಾನಾಥ ಕೋಟ್ನಿಸ್ ಅವರೊಂದಿಗೆ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಒಬ್ಬರಾದ ಡಾ. ಬಿಜಯ್ ಕುಮಾರ್ ಬಸು, ಇಪ್ಪತ್ತು ವರ್ಷಗಳ ನಂತರ ಮತ್ತೆ ಅಲ್ಲಿಗೆ ಹೋಗಿ ಇದನ್ನು ಕಲಿತು ಬಂದು ಕಲ್ಕತ್ತೆಯಲ್ಲಿ ಚಿಕಿತ್ಸೆ ಆರಂಭಿಸಿದರು. ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲಿ ಅಕ್ಯುಪಂಕ್ಚರನ್ನು ಚಿಕಿತ್ಸಾ ವಿಧಾನವೆಂದು ಒಪ್ಪಿತು, 2019ರಲ್ಲಿ ಸ್ವತಂತ್ರ ಪದ್ಧತಿಯೆಂದು ಮಾನ್ಯ ಮಾಡಿತು. ನನ್ನ ನೋಂದಣಿ ಪತ್ರವನ್ನು ಬಾಗಿಲ ಪಕ್ಕದಲ್ಲೇ ತೂಗುಹಾಕಿದ್ದೇನೆ. ಮೂರು ದಿನದ ಶಿಬಿರದಲ್ಲಿ ಕಲಿತು ಸೂಜಿ ಹಿಡಿಯುವವರೂ ಇರುವುದರಿಂದ, ಬಂದವರು ಅದನ್ನು ಓದಿಕೊಂಡೇ ಒಳಗೆ ಬರಲಿ ಎಂಬುದು ನನ್ನ ಆಸೆ.

ಚೀನೀ ವೈದ್ಯದಲ್ಲಿ ರೋಗಿಯನ್ನು ಅರಿಯುವ ಕ್ರಮ ನಾಲ್ಕು: ನೋಡುವುದು, ಧ್ವನಿ ಮತ್ತು ವಾಸನೆಯನ್ನು ಗಮನಿಸುವುದು, ಕೇಳಿ ತಿಳಿಯುವುದು, ಮುಟ್ಟಿ ಪರೀಕ್ಷಿಸುವುದು. ಮುಟ್ಟುವುದರಲ್ಲಿ ನಾಡಿ ಮುಖ್ಯ. ಪ್ರತಿ ಮಣಿಕಟ್ಟಿನಲ್ಲಿ ಮೂರು ಬೆರಳಿಟ್ಟು ಮೂರು ಸ್ಥಾನಗಳನ್ನು ನೋಡುತ್ತೇವೆ. ನೋಡುವುದರಲ್ಲಿ ನಾಲಿಗೆ ಮುಖ್ಯ. ಅದರ ಬಣ್ಣ, ಆಕಾರ, ಅಂಚಿನಲ್ಲಿ ಹಲ್ಲಿನ ಗುರುತು, ಮೇಲಿನ ಲೇಪ ಬಿಳಿಯೋ ಹಳದಿಯೋ, ತೆಳುವೋ ದಪ್ಪವೋ ಎಂಬುದನ್ನೆಲ್ಲ ಬರೆದುಕೊಳ್ಳಬೇಕು. ಆದರೆ ಮಲೆನಾಡಿನಲ್ಲಿ ಬೆಳಗಿನ ಕಾಫಿಯಾದ ಮೇಲೆ ಎಲೆ, ಅಡಿಕೆ, ಸುಣ್ಣ ಬಾಯಿಗೆ ಹೋಗದ ಮನೆಗಳು ಕಡಿಮೆ. ಮೊದಲ ತಿಂಗಳುಗಳಲ್ಲಿ ನಾನು ಕಂಡ ಕೆಂಪು ನಾಲಿಗೆಗಳನ್ನೆಲ್ಲ ಒಳಗಿನ ಉಷ್ಣದ ಲಕ್ಷಣವೆಂದು ಬರೆದುಕೊಂಡೆ. ಒಂದು ದಿನ ಅವರಲ್ಲೊಬ್ಬ ರೋಗಿ ಎಲೆ ಅಡಿಕೆ ಹಾಕದೆ ಹಲ್ಲುಜ್ಜಿ ಬಂದಾಗ ನಾಲಿಗೆ ಪೇಲವವಾಗಿತ್ತು, ಮೇಲೆ ಬಿಳಿಯ ಲೇಪವಿತ್ತು. ಅದು ಶೀತದ ಲಕ್ಷಣ, ಅಂದರೆ ನನ್ನ ನಿರ್ಣಯ ಪೂರ್ತಿ ತಲೆಕೆಳಗಾಗಿತ್ತು. ಆ ಅವಧಿಯ ಟಿಪ್ಪಣಿಗಳನ್ನೆಲ್ಲ ಹೊರತೆಗೆದು, ಆ ರೋಗಿಗಳನ್ನು ಮತ್ತೆ ಕರೆಸಿ ನೋಡಿದೆ.

ತಿಂಡಿಯ ಮಾತಿಗೂ ಒಂದು ಹಿನ್ನೆಲೆಯಿದೆ. ಹೊಸನಗರದ ಕಡೆಯಿಂದ ಮೊದಲ ಬಸ್ಸಿಗೆ ಹೊರಟು ಬಂದಿದ್ದ ಯುವಕನೊಬ್ಬನಿಗೆ, ಕುತ್ತಿಗೆ ನೋವೆಂದು, ಕುರ್ಚಿಯಲ್ಲಿ ಕೂರಿಸಿಯೇ ಸೂಜಿ ಹಾಕಿದೆ. ಮೂರನೆಯ ಸೂಜಿಗೆ ಅವನ ಮುಖ ಬಿಳಿಚಿಕೊಂಡಿತು, ಹಣೆಯಲ್ಲಿ ತಣ್ಣನೆಯ ಬೆವರು ಮೂಡಿತು, ಕಣ್ಣು ಮೇಲಾಯಿತು. ಸೂಜಿಗಳನ್ನೆಲ್ಲ ತಕ್ಷಣ ತೆಗೆದು, ನೆಲದ ಮೇಲೆ ಮಲಗಿಸಿ, ಕಾಲುಗಳನ್ನು ಎತ್ತರದಲ್ಲಿರಿಸಿದೆ. ಎರಡು ಮೂರು ನಿಮಿಷದಲ್ಲಿ ಚೇತರಿಸಿಕೊಂಡ ಮೇಲೆ ಬೆಲ್ಲದ ನೀರು ಕೊಟ್ಟು ವಿಚಾರಿಸಿದಾಗ, ಹಿಂದಿನ ರಾತ್ರಿಯಿಂದ ಏನೂ ತಿಂದಿಲ್ಲವೆಂದು ತಿಳಿಯಿತು. ನಾನು ಕೇಳಿದ್ದರೆ ಅವನು ಹೇಳುತ್ತಿದ್ದ. ತಪ್ಪು ನನ್ನದೇ. ಅಂದಿನಿಂದ ಮೊದಲ ಭೇಟಿಯಲ್ಲಿ ಯಾರನ್ನೂ ಕೂರಿಸಿ ಸೂಜಿ ಹಾಕುವುದಿಲ್ಲ.

ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರದು ಮಂಡಿ, ಸೊಂಟ ಮತ್ತು ಭುಜದ ನೋವು. ಆರಿದ್ರಾ ಮಳೆ ಹಿಡಿದರೆ ಆಶ್ಲೇಷಾ ಮುಗಿಯುವವರೆಗೆ ಈ ಸಂಖ್ಯೆ ಏರುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತಲಿನವರು "ಥಂಡಿ ಹಿಡಿದಿದೆ ಡಾಕ್ಟ್ರೇ, ಕಾಲು ಭಾರ" ಎನ್ನುತ್ತಾರೆ. ಚೀನೀ ವೈದ್ಯದಲ್ಲಿ ಇಂಥ ನೋವಿಗೆ "ಬಿ" ಎಂಬ ಹೆಸರಿದೆ. ಗಾಳಿ, ಶೀತ, ತೇವ ಮೂರೂ ಸೇರಿ ನಾಳಗಳಲ್ಲಿ "ಚಿ" ಎಂಬ ಪ್ರಾಣಶಕ್ತಿಯ ಮತ್ತು ರಕ್ತದ ಸಂಚಾರವನ್ನು ತಡೆಯುತ್ತವೆ ಎಂಬುದು ಅದರ ವಿವರಣೆ. ನೋವು ಜಾಗ ಬದಲಿಸುತ್ತಿದ್ದರೆ ಗಾಳಿ, ಒಂದೇ ಕಡೆ ಕೊರೆಯುತ್ತಿದ್ದರೆ ಶೀತ, ಭಾರವೂ ಊತವೂ ಇದ್ದರೆ ತೇವ ಪ್ರಧಾನ. ಈ ವಿಂಗಡಣೆ ನನ್ನ ರೋಗಿಗಳಿಗೆ ಮೊದಲೇ ಗೊತ್ತಿದ್ದಂತಿತ್ತು. ಇದು ಎಕ್ಸ್-ರೇಯ ಬದಲಿಗೆ ಬರುವ ಜ್ಞಾನವಲ್ಲ. ಆದರೆ ಯಾರಿಗೆ ಶಾಖ ಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸಲು ನನಗೆ ಇಂದಿಗೂ ನೆರವಾಗುತ್ತಿದೆ.

ಅರವತ್ತು ದಾಟಿದ ಒಬ್ಬ ತಾಯಿಯ ಉದಾಹರಣೆ ಹೇಳುತ್ತೇನೆ. ಸುಗ್ಗಿಯಲ್ಲಿ ದಿನವಿಡೀ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದವರು. ಮಳೆಗಾಲದಲ್ಲಿ ಎರಡೂ ಮಂಡಿ ಊದಿಕೊಂಡು ತೋಟಕ್ಕೆ ಇಳಿಯಲಾಗದೆ ಬಂದರು. ಮಂಡಿಚಿಪ್ಪಿನ ಕೆಳಗೆ ಇಬ್ಬದಿಯಲ್ಲಿರುವ "ಮಂಡಿಯ ಕಣ್ಣು"ಗಳು, ಹೊರಬದಿಯ ಯಾಂಗ್‌ಲಿಂಗ್‌ಚುವಾನ್, ಮಂಡಿಯಿಂದ ನಾಲ್ಕು ಬೆರಳಗಲ ಕೆಳಗಿನ ತ್ಸುಸಾನ್‌ಲಿ, ಸೂಜಿ ಹಾಕಲು ಇಷ್ಟೇ ಬಿಂದುಗಳನ್ನು ಆರಿಸಿಕೊಂಡೆ. ಆ ನಾಲ್ಕು ಬೆರಳು ರೋಗಿಯದೇ ಆಗಿರಬೇಕು. ನಮ್ಮ ಗೇಣು, ಮೊಳದ ಹಾಗೆ ಇಲ್ಲಿಯೂ ಅಳತೆ ದೇಹದ್ದೇ. ಕೊನೆ ಕೊಯ್ಯುವವನ ಅಂಗೈಗೂ ಹೈಸ್ಕೂಲು ಹುಡುಗಿಯ ಅಂಗೈಗೂ ಬಿಂದು ಒಂದೇ ದೂರದಲ್ಲಿರುವುದಿಲ್ಲ. ಕಾಲು ಮಿಲಿಮೀಟರು ದಪ್ಪದ ಸೂಜಿ ಸರಿಯಾದ ಆಳ ಮುಟ್ಟಿದಾಗ ಭಾರವೋ ಜೋಮೋ ಹರಡುತ್ತದೆ, ಚೀನೀಯರು ಅದನ್ನು "ದ ಚಿ" ಎನ್ನುತ್ತಾರೆ. "ಇರುವೆ ಹರಿದ ಹಾಗಾಯ್ತು" ಎಂದರು ಆ ತಾಯಿ. ಇಪ್ಪತ್ತೈದು ನಿಮಿಷ ಬಿಟ್ಟು ತೆಗೆದೆ. ಚೀನಾದಲ್ಲಿ ದಿನಾಲೂ ಅಥವಾ ದಿನ ಬಿಟ್ಟು ದಿನ ನಡೆಯುವ ಚಿಕಿತ್ಸೆಯನ್ನು, ಬಸ್ಸಿನ ವೇಳೆ ಮತ್ತು ಕೈಯ ಕಾಸು ನೋಡಿಕೊಂಡು ವಾರಕ್ಕೊಮ್ಮೆ ಮಾಡಿದೆ. ಆರು ಸಲವಾದ ಮೇಲೆ ಊತ ಪೂರ್ತಿ ಇಳಿದಿರಲಿಲ್ಲ, ಆದರೆ ಅವರು ತೋಟದ ಮೆಟ್ಟಿಲು ಇಳಿಯುತ್ತಿದ್ದರು.

ಇದರಲ್ಲಿ ಸೂಜಿಯ ಪಾಲೆಷ್ಟು ಎಂಬ ಪ್ರಶ್ನೆಯನ್ನು ನಾನು ಮರೆಮಾಚುವುದಿಲ್ಲ. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ, ದೀರ್ಘಕಾಲದ ಸೊಂಟನೋವಿನ 1,162 ಜನರಲ್ಲಿ, ನಿಜವಾದ ಅಕ್ಯುಪಂಕ್ಚರ್ ಪಡೆದವರಲ್ಲಿ ಶೇ. 47ರಷ್ಟು ಮಂದಿಗೆ ಗುಣ ಕಂಡಿತು. ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲೂ ಶೇ. 44ರಷ್ಟು ಮಂದಿಗೆ ಕಂಡಿತು. ಮಾತ್ರೆ, ವ್ಯಾಯಾಮಗಳ ರೂಢಿಯ ಚಿಕಿತ್ಸೆಯಲ್ಲಿ ಆ ಪ್ರಮಾಣ ಶೇ. 27. ಚಿಕಿತ್ಸಾ ಮಾರ್ಗಸೂಚಿಗಳನ್ನು ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ ಕಾರಣ ಸಿಗದ ದೀರ್ಘಕಾಲದ ನೋವಿಗೆ ಅಕ್ಯುಪಂಕ್ಚರನ್ನು ಪರಿಗಣಿಸಬಹುದೆಂದು 2021ರಲ್ಲಿ ಹೇಳಿತು, ಕೀಲು ಸವೆತಕ್ಕೆ ಬೇಡವೆಂದು 2022ರಲ್ಲಿ ಹೇಳಿತು. ಹಾಗಾಗಿ ಮಂಡಿ ಸವೆದವರಿಗೆ, ತೊಡೆಯ ಸ್ನಾಯು ಬಲಗೊಳಿಸುವ ವ್ಯಾಯಾಮವೇ ಮುಖ್ಯ ಚಿಕಿತ್ಸೆ, ನೋವು ತಗ್ಗಿ ಅದನ್ನು ಮಾಡಲು ಸಾಧ್ಯವಾಗಲೆಂದು ಸೂಜಿ ಹಾಕುತ್ತೇನೆ ಎಂದೇ ಹೇಳುತ್ತೇನೆ. ಆ ತಾಯಿಗೂ ಹಾಗೆಯೇ ಹೇಳಿ, ಕುರ್ಚಿಯಲ್ಲಿ ಕುಳಿತು ಕಾಲು ನೀಡುವುದನ್ನು ಕಲಿಸಿದ್ದೆ. ಆರು ಸಲದಲ್ಲಿ ಏನೂ ಬದಲಾಗದಿದ್ದರೆ ನಿಲ್ಲಿಸುತ್ತೇನೆ.

ಬೇಡವೆನ್ನಬೇಕಾದ ಸಂದರ್ಭಗಳು ಇನ್ನೂ ಇವೆ. ಎಡ ಭುಜದ ನೋವೆಂದು ಬಂದವರಿಗೆ ಬೆವರು, ಎದೆ ಬಿಗಿತ ಇದ್ದರೆ ಸೂಜಿಯ ಪೊಟ್ಟಣ ಬಿಚ್ಚದೆ ಇ.ಸಿ.ಜಿ.ಗೆ ಕಳಿಸುತ್ತೇನೆ. ಗರ್ಭಿಣಿಯರಿಗೆ ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಹೆಗು ಬಿಂದುವನ್ನಾಗಲಿ, ಒಳಗಣಕಾಲಿನ ಮೇಲಿನ ಬಿಂದುವನ್ನಾಗಲಿ ಮುಟ್ಟುವುದಿಲ್ಲ. ಪೇಸ್‌ಮೇಕರ್ ಇರುವವರಿಗೆ ಸೂಜಿಗಳಿಗೆ ವಿದ್ಯುತ್ ಜೋಡಿಸುವುದಿಲ್ಲ. ಭುಜದ ಮೇಲಿನ ಜಿಯಾನ್‌ಜಿಂಗ್ ಬಿಂದುವಿನ ಕೆಳಗೇ ಶ್ವಾಸಕೋಶದ ತುದಿಯಿರುವುದರಿಂದ ಅಲ್ಲಿ ನೇರವಾಗಿ ಆಳಕ್ಕೆ ಚುಚ್ಚುವುದು ಅಪಾಯ. ಸಣಕಲು ಮೈಯವರಿಗೆ ನಾನು ಆ ಬಿಂದುವನ್ನೇ ಬಿಡುತ್ತೇನೆ.

ಚೀನೀ ಗಿಡಮೂಲಿಕೆಗಳನ್ನು ಕೊಡಿ ಎಂದು ಕೇಳುವವರಿದ್ದಾರೆ. ನಾನು ಕೊಡುವುದಿಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಯೊಳಗೆ ಒಂದು ಬೇರಿನ ಬದಲು ಹೆಸರಿನಲ್ಲಿ ಹೋಲುವ ಇನ್ನೊಂದು ಬೇರು ಸೇರಿ ಅನೇಕ ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಆ ಎರಡನೆಯದು ಅರಿಸ್ಟೊಲೋಕಿಯ ಕುಲದ್ದು. ನಮ್ಮ ಕಾಡಂಚಿನ ಈಶ್ವರಿ ಬೇರೂ ಅದೇ ಕುಲದ್ದು, ಅದರಲ್ಲೂ ಅದೇ ವಿಷಾಂಶವಿದೆ. ಹಾವಿನ ವಿಷಕ್ಕೆಂದು ಅದನ್ನು ಮನೆಯಲ್ಲಿಟ್ಟುಕೊಂಡವರಿಗೆ ಈ ವಿಷಯವನ್ನು ಬಿಡಿಸಿ ಹೇಳುವುದಕ್ಕೆ ಚಿಕಿತ್ಸೆಯಷ್ಟೇ ಸಮಯ ಕೊಡುತ್ತೇನೆ.

ಸೂಜಿ ಒಬ್ಬರಿಗೆ ಒಂದೇ ಸಲ. ಬಳಸಿದ್ದು ಚುಚ್ಚಿ ಹೊರಬಾರದಂಥ ಬಿಳಿಯ ಡಬ್ಬಿಗೆ, ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಕಪಾಟಿನೊಳಗೂ ತೇವ ಹಿಡಿಯುವ ಊರಿದು. ಹೊತ್ತಿಸಿ ಶಾಖ ಕೊಡುವ ಮಾಕ್ಸಾ ಎಂಬ ಮೂಲಿಕೆಯ ಬತ್ತಿ ಬೂಷ್ಟು ಹಿಡಿಯುತ್ತದೆ, ಸೂಜಿಯ ಪೊಟ್ಟಣದ ಕಾಗದ ಮೆತ್ತಗಾಗುತ್ತದೆ. ಕಾಗದ ಒದ್ದೆಯಾದರೆ ಒಳಗಿನ ಶುದ್ಧಿಯನ್ನು ನಂಬುವಂತಿಲ್ಲ. ಆದ್ದರಿಂದ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅಂದಿನ ಪೊಟ್ಟಣಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿ, ಕಲೆ ಕಂಡದ್ದನ್ನು ಬಿಚ್ಚದೆ ಎಸೆಯುತ್ತೇನೆ. ಉಳಿದವನ್ನು ತಟ್ಟೆಗಿಟ್ಟ ಮೇಲೆ ಮೊದಲ ರೋಗಿಯನ್ನು ಒಳಗೆ ಕರೆದು, ತಿಂಡಿಯಾಯಿತೇ ಎಂದು ಕೇಳುತ್ತೇನೆ.