ಎಕ್ಸೆಲ್‌ನಲ್ಲಿ ತಾರೀಖು ತಪ್ಪಾಗದಂತೆ ನೋಡಿಕೊಳ್ಳುವುದು ಹೇಗೆ?

ನಮ್ಮ ಬೀದಿಯ ಮಹಿಳಾ ಸ್ವಸಹಾಯ ಸಂಘದ ಲೆಕ್ಕವನ್ನು ಪುಸ್ತಕದಿಂದ ಎಕ್ಸೆಲ್‌ಗೆ ಇಳಿಸಿದ ತಿಂಗಳೇ ಎಡವಟ್ಟಾಯಿತು. ಜೂನ್ 5ಕ್ಕೆ ಕಟ್ಟಬೇಕಿದ್ದ ಕಂತು ಮೇ 6ರ ಬಾಕಿಯಾಗಿ ಕಾಣಿಸಿ, ಹೂ ಮಾರುವ ಒಬ್ಬ ಸದಸ್ಯೆಗೆ ವಿನಾಕಾರಣ ದಂಡ ಬಿತ್ತು. ನಾನು ಟೈಪು ಮಾಡಿದ್ದು 5/6 ಎಂದೇ. ಆದರೆ ಆ ಕಂಪ್ಯೂಟರ್ ಅಮೆರಿಕದ ಪದ್ಧತಿಯಲ್ಲಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ.

ಆದ್ದರಿಂದ ಮೊದಲ ಹೆಜ್ಜೆ: ವಿಂಡೋಸ್ ಸೆಟ್ಟಿಂಗ್ಸ್‌ನ ‘ರೀಜನ್’ ವಿಭಾಗದಲ್ಲಿ ತಾರೀಖಿನ ಪದ್ಧತಿ ಭಾರತದ್ದೇ ಇದೆಯೇ ನೋಡಿ. ಇಲ್ಲದಿದ್ದರೆ ಬದಲಿಸಿ, ಆಮೇಲೆ ಟೈಪು ಮಾಡಲು ಕೂರಿ.

ಈಗಾಗಲೇ ತುಂಬಿಸಿದ ತಾರೀಖುಗಳು ಇದರಿಂದ ಸರಿಹೋಗುವುದಿಲ್ಲ. ಅಮೆರಿಕದ ಪದ್ಧತಿಯಲ್ಲಿ ವರ್ಷವನ್ನೂ ಸೇರಿಸಿ 13/6/2024 ಎಂದು ಬರೆದರೆ, ಹದಿಮೂರನೆಯ ತಿಂಗಳಿಲ್ಲವಾದ್ದರಿಂದ ಎಕ್ಸೆಲ್ ಅದನ್ನು ಬರಿಯ ಅಕ್ಷರಗಳೆಂದು ತಿಳಿದು ಮನೆಯ (ಸೆಲ್‌ನ) ಎಡಬದಿಗೆ ಅಂಟಿಸುತ್ತದೆ. ನಿಜವಾದ ತಾರೀಖು ಬಲಬದಿಗೆ ಇರುತ್ತದೆ. ಎಡಕ್ಕೆ ನಿಂತವುಗಳನ್ನು ಆಯ್ದು, ‘ಡೇಟಾ’ ಪಟ್ಟಿಯ ‘ಟೆಕ್ಸ್ಟ್ ಟು ಕಾಲಮ್ಸ್’ ತೆರೆದು, ಮೂರನೆಯ ಹಂತದಲ್ಲಿ ‘ಡೇಟ್’ ಗುರುತಿಸಿ ಡಿಎಂವೈ (ಡಿ ಎಂದರೆ ದಿನ, ಎಂ ಎಂದರೆ ತಿಂಗಳು, ವೈ ಎಂದರೆ ವರ್ಷ) ಕ್ರಮ ಆರಿಸಿದರೆ ಸರಿಹೋಗುತ್ತವೆ. ಬಲಕ್ಕೆ ನಿಂತು ಅದಲುಬದಲಾದವೇ ಹೆಚ್ಚು ಅಪಾಯ, ಏಕೆಂದರೆ ನೋಡಲು ಅವು ಸರಿಯಾಗಿಯೇ ಇರುತ್ತವೆ. ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೂ ತಾಳೆ ನೋಡಬೇಕು. ನಾನು ಹಾಗೆಯೇ ನೋಡಿ ಆಕೆಯ ದಂಡದ ಹಣ ಹಿಂದಿರುಗಿಸಿದೆ.

ಈಗ ಒಂದು ಖಾಲಿ ಮನೆಯಲ್ಲಿ 1-11-1956 ಎಂದು ಬರೆದು, ಅದರ ರೂಪವನ್ನು ‘ಜನರಲ್’ಗೆ ಬದಲಿಸಿ. 20760 ಎಂಬ ಸಂಖ್ಯೆ ಕಾಣುತ್ತದೆ. 1900ರ ಜನವರಿ 1ನ್ನು ಒಂದು ಎಂದು ಹಿಡಿದು ಎಕ್ಸೆಲ್ ದಿನಗಳನ್ನು ಎಣಿಸುತ್ತದೆ. ಒಳಗಿರುವುದು ಆ ಎಣಿಕೆ ಮಾತ್ರ. ನಮ್ಮ ಕಣ್ಣಿಗೆ ಅದು ಹೇಗೆ ಕಾಣಬೇಕೆಂದು ಹೇಳುವುದಕ್ಕೆ ಕೆಲವು ಅಕ್ಷರಗಳಿವೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಜಾಗ ಹಿಡಿಯುತ್ತೇವಲ್ಲ, ಹಾಗೆ ಈ ಅಕ್ಷರಗಳು ದಿನ, ತಿಂಗಳು, ವರ್ಷಗಳಿಗೆ ಜಾಗ ಹಿಡಿದಿರುತ್ತವೆ.

ಆ ಮನೆಯ ಮೇಲೆ ನಿಂತು ಕಂಟ್ರೋಲ್ ಮತ್ತು 1 ಒಟ್ಟಿಗೆ ಒತ್ತಿ, ತೆರೆಯುವ ಕಿಟಕಿಯಲ್ಲಿ ‘ಕಸ್ಟಮ್’ ಆರಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಡಿಡಿ-ಎಂಎಂ-ವೈವೈವೈವೈ ಎಂದು ಬರೆಯಿರಿ. 01-11-1956 ಬರುತ್ತದೆ. ಡಿ ಒಂದೇ ಇದ್ದರೆ ಬರಿಯ 1. ಮೂರಿದ್ದರೆ ವಾರದ ಹೆಸರು ಚಿಕ್ಕದಾಗಿ, ನಾಲ್ಕಿದ್ದರೆ ಪೂರ್ತಿಯಾಗಿ. ಎಂ ಅಕ್ಷರ ನಾಲ್ಕಿದ್ದರೆ ತಿಂಗಳ ಪೂರ್ಣ ಹೆಸರು. ವಾರವನ್ನು ಕೈಯಿಂದ ಟೈಪು ಮಾಡಲೇಬೇಡಿ. ತಾರೀಖು ತಿದ್ದಿದಾಗ ಅದು ಹಳೆಯದೇ ಉಳಿದು ಸಭೆಗೆ ಬರುವವರನ್ನು ದಾರಿ ತಪ್ಪಿಸುತ್ತದೆ.

ಹೆಸರುಗಳು ಕನ್ನಡದಲ್ಲೇ ಬೇಕೇ? ಖಂಡಿತ ಬೇಕು, ನಮ್ಮ ಸದಸ್ಯೆಯರು ಓದುವುದು ಕನ್ನಡವನ್ನೇ. ಅದೇ ಕಿಟಕಿಯ ‘ಡೇಟ್’ ವಿಭಾಗದಲ್ಲಿ ‘ಲೊಕೇಲ್’ ಪಟ್ಟಿಯಿಂದ ಕನ್ನಡ ಆಯ್ದು, ಒಂದು ಮಾದರಿ ಆರಿಸಿ ‘ಕಸ್ಟಮ್’ಗೆ ಹಿಂದಿರುಗಿ. ಆರಂಭದಲ್ಲಿ ಚೌಕ ಆವರಣದೊಳಗೆ ಭಾಷೆಯ ಸಂಕೇತವಿರುತ್ತದೆ. ಅದನ್ನು ಮುಟ್ಟದೆ, ಮುಂದಿನ ಅಕ್ಷರಗಳ ಜಾಗದಲ್ಲಿ ನಾಲ್ಕು ಡಿ ಹಾಕಿ. ‘ಗುರುವಾರ’ ಎಂದು ತೆರೆಯ ಮೇಲೆ ಮೂಡಿದಾಗ ನನಗೆ ನಿಜಕ್ಕೂ ಸಂತೋಷವಾಯಿತು.

ತಾರೀಖನ್ನು ಸೂತ್ರದ ಮೂಲಕ ವಾಕ್ಯಕ್ಕೆ ಜೋಡಿಸಿದರೆ ಮತ್ತೆ 20760 ಇಣುಕುತ್ತದೆ. ಆಗ ‘ಟೆಕ್ಸ್ಟ್’ ಸೂತ್ರದೊಳಗೆ ಮನೆಯ ಹೆಸರು (ಎ1 ಎಂಬಂತೆ), ಅಲ್ಪವಿರಾಮ, ಉದ್ಧರಣ ಚಿಹ್ನೆಯೊಳಗೆ ಇವೇ ಅಕ್ಷರಗಳನ್ನು ಕೊಡಿ.

ವೇಳೆಗೆ ಎಚ್‌ಎಚ್:ಎಂಎಂ ಸಾಕು; ಎಚ್ ಎಂದರೆ ಗಂಟೆ. ತಿಂಗಳಿಗೂ ನಿಮಿಷಕ್ಕೂ ಎಂ ಒಂದೇ. ಎಚ್‌ನ ಬೆನ್ನಿಗೇ ಎಂ ಬಂದರೆ ಎಕ್ಸೆಲ್ ಅದನ್ನು ನಿಮಿಷವೆಂದು ತಿಳಿಯುತ್ತದೆ. ಕೆಲಸದ ಗಂಟೆಗಳನ್ನು ಕೂಡುವಾಗ ಮಾತ್ರ ಎಚ್ಚರ. ದಿನಕ್ಕೆ 9 ಗಂಟೆ 10 ನಿಮಿಷದಂತೆ ಮೂರು ದಿನ ಹೊಲಿದವಳ ಮೊತ್ತ 27:30 ಆಗಬೇಕು; 24 ದಾಟಿದ್ದರಿಂದ 03:30 ಎಂದು ಕಾಣುತ್ತದೆ. ಎಚ್ ಅಕ್ಷರವನ್ನು ಚೌಕ ಆವರಣದೊಳಗೆ ಇಟ್ಟರೆ ಅವಳ ಪೂರ್ತಿ ದುಡಿಮೆ ಪಟ್ಟಿಯಲ್ಲಿ ಕಾಣುತ್ತದೆ.