ಹಂಡೆ ಒಲೆಯಿಂದ ಗೀಸರಿಗೆ ಹೋಗುವ ಮುನ್ನ

ಮದುವೆಯಾಗಿ ತೀರ್ಥಹಳ್ಳಿ ಕಡೆಯ ಈ ಮನೆಗೆ ಬಂದಾಗಿನಿಂದ ನಲವತ್ತು ವರ್ಷ ಬೆಳಗಿನ ಜಾವ ಎದ್ದು ಬಚ್ಚಲ ಹಂಡೆಗೆ ಬೆಂಕಿ ಹಾಕಿದವಳು ನಾನು. ಅಡಿಕೆ ಸೋಗೆ, ತೆಂಗಿನ ಸಿಪ್ಪೆ, ಒಣಗಿದ ಹಾಳೆ ಎಲ್ಲವೂ ತೋಟದಿಂದಲೇ ಬರುತ್ತಿದ್ದುದರಿಂದ ಬಿಸಿನೀರಿಗೆ ಖರ್ಚು ಎಂಬುದೇ ಇರಲಿಲ್ಲ. ಈಗ ಸೌದೆ ಒಡೆಯುವವರು ಸಿಗುವುದಿಲ್ಲ, ಮಳೆಗಾಲದ ಹಸಿ ಸೌದೆಯ ಹೊಗೆಯನ್ನು ಈ ವಯಸ್ಸಿನ ಎದೆ ತಡೆಯುವುದಿಲ್ಲ. ಹಾಗಾಗಿ ಐದು ವರ್ಷಗಳ ಹಿಂದೆ ಗೀಸರ್ ಹಾಕಿಸಿದೆವು. ಅಂದಿನಿಂದ ಯಾವ ಕಂಪನಿಯದು ಒಳ್ಳೆಯದು ಎಂದು ಕೇಳುವ ನೆಂಟರಿಗೆಲ್ಲ ನಾನು ಹೇಳುವುದು ಒಂದೇ: ಗೀಸರ್ ಕೊಳ್ಳುವುದು ಕಡೆಯ ಕೆಲಸ, ಅದಕ್ಕೂ ಮೊದಲು ಮನೆಯ ವೈರಿಂಗ್ ಮತ್ತು ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ನೋಡಿಸಿ.

2000 ವಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 9 ಆಂಪ್ ಕರೆಂಟ್ ಎಳೆಯುತ್ತದೆ. ಬಲ್ಬು, ಫ್ಯಾನಿಗೆಂದು ಎಳೆದ ಹಳೆಯ ಮನೆಯ ತಂತಿ ಇದನ್ನು ತಾಳುವುದಿಲ್ಲ. ನಾವು ಮೊದಲು ಅವಸರಕ್ಕೆ ಬಿದ್ದು ಬಚ್ಚಲ ಹೊರಗಿದ್ದ ಹಳೆಯ ಲೈನಿಗೇ ಜೋಡಿಸಿದ್ದೆವು. ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಏನೋ ಸೀದ ವಾಸನೆ ಬಂದು ನೋಡಿದರೆ ಪ್ಲಗ್ಗಿನ ಒಂದು ಕಡ್ಡಿಯ ಸುತ್ತ ಬಿಳಿಯ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಕರಗಿ, ಸಾಕೆಟ್ಟಿಗೆ ಅಂಟಿಕೊಂಡಿತ್ತು. ಆ ಮೇಲೆ ಮುಖ್ಯ ಬೋರ್ಡಿನಿಂದಲೇ ಗೀಸರಿಗೆಂದು ಪ್ರತ್ಯೇಕವಾಗಿ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿ, 16 ಆಂಪ್‌ನ ಎಂಸಿಬಿ (ಹೊರೆ ಮೀರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು), ಅಷ್ಟೇ ಆಂಪ್‌ನ ಸಾಕೆಟ್ಟು ಹಾಕಿಸಿದೆವು. ಜೊತೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಇರಲೇಬೇಕು. ನೀರಿಗೆ ಕರೆಂಟು ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನು ಕಡಿಯುವುದು ಅದೇ. ಸ್ವಿಚ್ಚು ಬಚ್ಚಲಿನ ಹೊರಗೆ, ಒದ್ದೆ ಕೈ ತಾಗದ ಕಡೆ ಇರಲಿ.

ಅನೇಕ ಹಳೆಯ ಮನೆಗಳಲ್ಲಿ ಸಾಕೆಟ್ಟಿನ ದೊಡ್ಡ ತೂತಿಗೆ, ಅಂದರೆ ಅರ್ಥಿಂಗ್‌ನ ತೂತಿಗೆ, ಒಳಗಡೆ ತಂತಿಯನ್ನೇ ಜೋಡಿಸಿರುವುದಿಲ್ಲ. ಎಲೆಕ್ಟ್ರಿಷಿಯನ್ ಎದುರಿಗೆ ನಿಂತು ಅದನ್ನು ಬಿಚ್ಚಿಸಿ ನೋಡಿ. ಅಂಗಳದ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಪ್ರಯೋಜನಕ್ಕೆ ಬರುವುದಿಲ್ಲವಾದ್ದರಿಂದ ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುವುದನ್ನು ನಾನು ತುಳಸಿಗೆ ನೀರು ಹಾಕಿದಷ್ಟೇ ನಿಷ್ಠೆಯಿಂದ ಮಾಡುತ್ತೇನೆ. ಗೀಸರಿನ ಹೊರೆಗೆ ತಕ್ಕಂತೆ ಮನೆಗೆ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕೇ ಎಂಬುದನ್ನೂ ನಮ್ಮ ಕಡೆ ಕರೆಂಟು ಕೊಡುವ ಮೆಸ್ಕಾಂನ ಕಚೇರಿಯಲ್ಲಿ ವಿಚಾರಿಸಿ.

ಇನ್ನು ಖರ್ಚಿನ ಲೆಕ್ಕ. 25 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಲು ಸುಮಾರು 1.2 ಯೂನಿಟ್ ಬೇಕು. ಅದಕ್ಕೆ ಅಷ್ಟೇ ತಣ್ಣೀರು ಬೆರೆಸಿದರೆ ಹದವಾದ ಎರಡೂವರೆ ಬಕೆಟ್ ನೀರಾಗುತ್ತದೆ. ಐದು ಜನರ ಮನೆಗೆ ದಿನಕ್ಕೆ ಎರಡು ಸಲ ಕಾಯಿಸಬೇಕು, ಅಂದರೆ ತಿಂಗಳಿಗೆ 70ರಿಂದ 75 ಯೂನಿಟ್ ಏರುತ್ತದೆ. 2023ರಿಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಕರೆಂಟು ಪಡೆಯುತ್ತಿರುವವರು ಇದನ್ನು ಗಮನದಲ್ಲಿಡಬೇಕು. ಹಿಂದಿನ ಸರಾಸರಿಯ ಮೇಲೆ ಗೊತ್ತುಮಾಡಿದ ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್ಟಿಗೆ ಹಣ ಕಟ್ಟಬೇಕು, ತಿಂಗಳ ಬಳಕೆ 200 ದಾಟಿದರೆ ಬಿಲ್ ಪೂರ್ತಿ ನಮ್ಮದೇ. ಸ್ನಾನಕ್ಕೆ ಮುಕ್ಕಾಲು ಗಂಟೆ ಮುಂಚೆ ಸ್ವಿಚ್ಚು ಹಾಕಿ, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ ಆರಿಸುವುದು ಒಳ್ಳೆಯ ರೂಢಿ.

ಹಳ್ಳಿಯ ವೋಲ್ಟೇಜನ್ನು ಅಂಗಡಿಯವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ವೋಲ್ಟೇಜ್ 180ಕ್ಕೆ ಇಳಿದರೆ 2000 ವಾಟ್‌ನ ಕಾಯಿಲ್ ಸುಮಾರು 1200 ವಾಟ್‌ನಷ್ಟೇ ಶಾಖ ಕೊಡುತ್ತದೆ. 35 ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತದೆ. ಇದು ಗೀಸರಿನ ದೋಷವಲ್ಲ.

ಹಂಡೆ ಬಾಯಿ ತೆರೆದ ಪಾತ್ರೆ, ಗೀಸರ್ ಮುಚ್ಚಿದ ಪಾತ್ರೆ ಎಂಬುದನ್ನು ಮನೆಯವರೆಲ್ಲರೂ ತಿಳಿದಿರಬೇಕು. ಕಾಯುವ ನೀರು ಹಿಗ್ಗುವಾಗ ಸೇಫ್ಟಿ ವಾಲ್ವ್‌ನಿಂದ ನಾಲ್ಕು ಹನಿ ತೊಟ್ಟಿಕ್ಕುವುದು ಸಹಜ. ಸೋರುತ್ತದೆಂದು ಅದಕ್ಕೆ ಬಿರಡೆ ಜಡಿಯುವುದು ಟ್ಯಾಂಕ್ ಸಿಡಿಯಲು ದಾರಿ ಮಾಡಿಕೊಟ್ಟಂತೆ. ಹೊಸದಾಗಿ ಜೋಡಿಸಿದಾಗ, ಅಥವಾ ಮೇಲಿನ ಟ್ಯಾಂಕ್ ಖಾಲಿಯಾಗಿ ತುಂಬಿದ ಮೇಲೆ, ಬಿಸಿನೀರಿನ ನಲ್ಲಿಯಲ್ಲಿ ನೀರು ಸತತವಾಗಿ ಬರುವುದನ್ನು ನೋಡಿಯೇ ಸ್ವಿಚ್ಚು ಹಾಕಿ. ನೀರಿಲ್ಲದೆ ಕಾದರೆ ಕಾಯಿಲ್ ಸುಟ್ಟುಹೋಗುತ್ತದೆ. ಬೋರ್‌ವೆಲ್ ನೀರಿನ ಮನೆಯವರು ವರ್ಷಕ್ಕೊಮ್ಮೆ ಸುಣ್ಣದ ಪದರ ತೆಗೆಸಿ, ಒಳಗಿನ ಮೆಗ್ನೀಷಿಯಂ ಸಲಾಕೆ ಸವೆದಿದೆಯೇ ನೋಡಿಸಬೇಕು. ಟ್ಯಾಂಕಿಗೆ ಬದಲಾಗಿ ತಾನು ಕರಗಿ ಅದನ್ನು ತುಕ್ಕಿನಿಂದ ಉಳಿಸುವುದು ಆ ಸಲಾಕೆಯೇ. ಮಕ್ಕಳಿರುವ ಮನೆಯಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಡುವ ರೂಢಿ ಮಾಡಿಸಿ.

ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಡ್ಡಿ ಅಗ್ಗವೆಂದು ತರಬೇಡಿ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಅಂತೂ ಬೇಡವೇ ಬೇಡ. ಅದರ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಗೀಸರ್ ಬಂತೆಂದು ಹಂಡೆ ಒಲೆಯನ್ನು ಒಡೆಸಬೇಡಿ. ಆಷಾಢದ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟು ಹೋದಾಗ ಸಾಮಾನ್ಯ ಯುಪಿಎಸ್ ಗೀಸರನ್ನು ಎಳೆಯುವುದಿಲ್ಲ. ಬಾಣಂತಿಗೆ ಎರೆಯುವ ನೀರಿಗೂ 25 ಲೀಟರ್ ಎಲ್ಲಿಗೂ ಸಾಲದು. ಕಳೆದ ವರ್ಷ ಮೊಮ್ಮಗಳು ಹುಟ್ಟಿದಾಗ ನಮ್ಮನ್ನು ಕಾಪಾಡಿದ್ದು ಹಂಡೆಯೇ. ಬಳಸದ ದಿನಗಳಲ್ಲಿ ಅದರಲ್ಲಿ ನೀರು ನಿಲ್ಲಿಸಬೇಡಿ, ಸೊಳ್ಳೆ ಮೊಟ್ಟೆಯಿಡುತ್ತದೆ. ಪೂರ್ತಿ ಖಾಲಿ ಮಾಡಿ ಬಟ್ಟೆಯಿಂದ ಒರೆಸಿ ಮುಚ್ಚಿಡಿ. ಹೊಗೆಗೂಡಿನಲ್ಲಿ ಇಲಿ, ಕಣಜ ಗೂಡು ಕಟ್ಟದಂತೆ ತಿಂಗಳಿಗೊಮ್ಮೆ ಹಂಡೆ ತುಂಬಿಸಿ ಬೆಂಕಿ ಹಾಕಿ. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ನಾನು ಈಗಲೂ ಹಂಡೆಯನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಕೊರಳಿಗೆ ಹಿಂಡಲೆಕಾಯಿ ಬಳ್ಳಿ ಸುತ್ತಿ, ಮರುದಿನ ಬೆಳಗಿನ ಎಣ್ಣೆಸ್ನಾನಕ್ಕೆ ಅದರಲ್ಲೇ ನೀರು ಕಾಯಿಸುತ್ತೇನೆ.