ಬಿಸಿಲಲ್ಲಿ ಸ್ಟಾರ್ಟ್ ಆಗದ ಹಳೇ ಹೋಂಡಾ ಸಿಟಿ

1998ರಿಂದ 2003ರವರೆಗಿನ ಹೋಂಡಾ ಸಿಟಿ ಇಟ್ಟುಕೊಂಡಿರುವವರಿಗೆ ಒಂದು ಮಾತು. ಬಿಸಿಲಲ್ಲಿ ನಿಲ್ಲಿಸಿ ಬಂದಾಗ ಸೆಲ್ಫ್ ಹೊಡೆದರೂ ಎಂಜಿನ್ ಹಿಡಿಯದಿದ್ದರೆ ಸುಮ್ನೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ಬದಲಿಸಬೇಡಿ. ಕೀ ಆನ್ ಮಾಡಿ ಹಿಂದಿನ ಸೀಟಿನ ಕಡೆ ಕಿವಿ ಕೊಡಿ. ಪಂಪ್ ಎರಡು ಸೆಕೆಂಡ್ ಗುಂಯ್ ಅನ್ನಬೇಕು. ಅನ್ನದಿದ್ದರೆ ನನ್ನ ಮೊದಲ ಅನುಮಾನ ಡ್ಯಾಶ್‌ಬೋರ್ಡ್ ಕೆಳಗಿನ ಮೇನ್ ರಿಲೇ ಮೇಲೆ, ಅಂದರೆ ಪಂಪಿಗೆ ಕರೆಂಟ್ ಬಿಡುವ ಸ್ವಿಚ್ ಡಬ್ಬಿ ಮೇಲೆ. ಬಿಚ್ಚಿ ನೋಡಿದರೆ ಪಿನ್ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಬಿರುಕು ಇರುತ್ತದೆ, ಬಿಸಿಗೆ ಅದು ಬಾಯಿ ಬಿಡುತ್ತದೆ, ತಣ್ಣಗಾದರೆ ಕೂಡಿಕೊಳ್ಳುತ್ತದೆ, ಅದಕ್ಕೇ ಗ್ಯಾರೇಜಿಗೆ ಬರುವಷ್ಟರಲ್ಲಿ ಗಾಡಿ ಸರಿಯಾಗಿರುತ್ತದೆ, ಓನರ್ ನಮ್ಮ ಮಾತು ನಂಬುವುದಿಲ್ಲ! ಹಳೇ ಬೆಸುಗೆ ತೆಗೆದು ಹೊಸದಾಗಿ ಸಾಲ್ಡರ್ ಮಾಡಿಸಿ, ಟಿವಿ ರಿಪೇರಿಯವರೂ ಮಾಡಿಕೊಡುತ್ತಾರೆ, ಜಾಸ್ತಿ ಖರ್ಚಿಲ್ಲ. ದಾರಿಯಲ್ಲೇ ಕೈಕೊಟ್ಟರೆ ಕಿಟಕಿ ಇಳಿಸಿ ಒಳಗಿನ ಬಿಸಿ ಹೋಗಲು ಬಿಡಿ, ಸಾಮಾನ್ಯವಾಗಿ ಸ್ಟಾರ್ಟ್ ಆಗುತ್ತದೆ.